ಮಂದಣ್ಣನ ಕಣ್ಣು, ಕರ್ವಾಲೊ ವಿದ್ಯೆ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕವರ ಕಥೆಯೆಂದೇ ಹೆಚ್ಚಿನವರ ನೆನಪಿನಲ್ಲಿದೆ. ನನ್ನ ಮಟ್ಟಿಗೆ, ವಿದ್ಯಾವಂತ ಯಾರು ಎಂದು ಕನ್ನಡದಲ್ಲಿ ಇಷ್ಟು ನೇರವಾಗಿ ಕೇಳಿದ ಕಾದಂಬರಿ ಇನ್ನೊಂದಿಲ್ಲ. ಕುವೆಂಪು ಅವರ ಮಗನಾಗಿ ಹುಟ್ಟಿ, ಮೈಸೂರಿನಲ್ಲಿ ಎಂ.ಎ. ಓದಿ, ಮೇಷ್ಟರಾಗದೆ ಮೂಡಿಗೆರೆಯ ತೋಟಕ್ಕೆ ಹೋದವರು ಈ ಪ್ರಶ್ನೆ ಎತ್ತಿದ್ದು ಸಹಜವೇ.

ನಿರೂಪಕನ ಕಣ್ಣಿಗೆ ಮಂದಣ್ಣ ಮೊದಲು ಬೀಳುವುದು ಶುದ್ಧ ಪೆದ್ದನಾಗಿ. ಜೇನು ಹಿಡಿಯುತ್ತಾನೆ, ಕಾಡು ಅಲೆಯುತ್ತಾನೆ, ಒಂದು ಜವಾನನ ಕೆಲಸ ಸಿಕ್ಕಿ ಮದುವೆಯಾದರೆ ಸಾಕು ಎನ್ನುತ್ತಾನೆ. ಇಂಥವನ ಮದುವೆಯ ಉಸಾಬರಿಯನ್ನು ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿ ಕರ್ವಾಲೊ ತಲೆಗೆ ಹಚ್ಚಿಕೊಳ್ಳುವುದೇಕೆ? ತೇಜಸ್ವಿ ಬೇಗ ಬಿಡಿಸಿ ಹೇಳುವುದಿಲ್ಲ. ಕಾದಂಬರಿಯ ಕಸುಬುಗಾರಿಕೆಯೆಲ್ಲ ಈ ತಡದಲ್ಲಿದೆ. ಹಾರುವ ಓತಿಯನ್ನು ಕಂಡವನು ಮಂದಣ್ಣನೇ ಎಂದು ಗೊತ್ತಾಗುವ ಹೊತ್ತಿಗೆ ಅವನ ಬಗ್ಗೆ ನಾವು ತಳೆದಿದ್ದ ಅಸಡ್ಡೆ ನಮಗೇ ಚುಚ್ಚತೊಡಗಿರುತ್ತದೆ. ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬಿದ್ದಾಗಲೂ ಕರ್ವಾಲೊ ಅವನ ಕೈಬಿಡುವುದಿಲ್ಲ. ಅವರ ವಿದ್ಯೆ ಇರುವುದು ಇಲ್ಲಿ: ಹುಳುಹುಪ್ಪಟೆಗಳ ವಿಷಯದಲ್ಲಿ ತಮಗಿಂತ ಚುರುಕಾದ ಕಣ್ಣೊಂದನ್ನು ಗುರುತಿಸಿ, ಅದರೆದುರು ಕೇಳಿ ಕಲಿಯಲು ಕೂರುವ ವಿನಯದಲ್ಲಿ.

ಕಥೆಯ ಓತಿ ಬಹು ಹಿಂದಿನ ಜೀವವಿಕಾಸದ ಕೊಂಡಿ. ಅದರ ಇಂದಿನ ಬಂಧು ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಈಗಲೂ ಇದೆ. ತೊಗಟೆಯದೇ ಬಣ್ಣ; ಅಲುಗದೆ ಕೂತರೆ ಮರದ ಚಕ್ಕೆಯೇ. ಹಾರುವಾಗ ಮಾತ್ರ, ಉದ್ದ ಬೆಳೆದ ಪಕ್ಕೆಲುಬುಗಳನ್ನು ಅಗಲಿಸಿ, ನಡುವಿನ ಚರ್ಮವನ್ನು ಬಿಚ್ಚಿ, ಒಂದು ಮರದಿಂದ ಇನ್ನೊಂದಕ್ಕೆ ತೇಲಿಬಿಡುತ್ತದೆ. ಇದನ್ನು ಕಾಣಲು ಪದವಿ ಬೇಡ, ತೋಟದಲ್ಲಿ ಹೊತ್ತು ಕಳೆದ ಕಣ್ಣು ಬೇಕು. ಆ ಕಣ್ಣನ್ನು ನಾಯಕನ ಸಮಕ್ಕೆ ತಂದದ್ದು ತೇಜಸ್ವಿಯವರ ದೊಡ್ಡ ಸಾಧನೆ.

ಆದರೂ ಒಂದು ತಕರಾರು ನನ್ನಲ್ಲಿ ಉಳಿದೇ ಇದೆ. ಮಂದಣ್ಣನ ತಿಳಿವಳಿಕೆಗೆ ಬೆಲೆ ಬರುವುದು ಕರ್ವಾಲೊ ಮೆಚ್ಚಿದ ಮೇಲೆಯೇ. ಹೆಂಗಸರ ಅರಿವಿಗಂತೂ ಈ ಕಾಡಿನಲ್ಲಿ ಜಾಗವಿಲ್ಲ. ಕಥೆ ಹೇಳುವವನು ಓದಿದವನು, ಜಮೀನು ಮಾರಿ ಹೊರಟುಬಿಡುವ ಯೋಚನೆಯಲ್ಲಿದ್ದವನು. ಕಣ್ತೆರೆದು ಬದಲಾಗುವವನೂ ಅವನೇ. ಮಂದಣ್ಣ ತಾನು ಕಂಡ ಕಾಡನ್ನು ತನ್ನದೇ ಬಾಯಲ್ಲಿ ಹೇಳಿದ್ದರೆ ಕರ್ವಾಲೊ ಕೂಡ ಅಲ್ಲಿ ಒಬ್ಬ ವಿದ್ಯಾರ್ಥಿಯಾಗಿಯೇ ಕಾಣುತ್ತಿದ್ದರು. ಆ ಕಾದಂಬರಿಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು.