ಸಪ್ಪೆ ಗಂಡಸಿಗೆ ತಕ್ಕ ಎದುರಾಳಿ

ಒಬ್ಬ ನಟ ನಿಜಜೀವನದಲ್ಲೂ ಬೋರು ಹೊಡೆಸುವ ಮನುಷ್ಯನೇ ಎಂಬ ವಿಷಯ 1991ರಲ್ಲಿ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿತ್ತು. ಮಾನನಷ್ಟದ ದಾವೆ ಹೂಡಿದ್ದವರು ವಿಲಿಯಂ ರೋಚ್. ಬ್ರಿಟನ್ನಿನ 'ಕೊರೊನೇಷನ್ ಸ್ಟ್ರೀಟ್' ಧಾರಾವಾಹಿಯಲ್ಲಿ ಅಷ್ಟು ಹೊತ್ತಿಗಾಗಲೇ ಮೂವತ್ತು ವರ್ಷ ಕೆನ್ ಬಾರ್ಲೊ ಎಂಬ ಪಾತ್ರ ಮಾಡಿದ್ದವರು. ಅವರೂ ತಮ್ಮ ಪಾತ್ರದಷ್ಟೇ ನೀರಸ, ಜೊತೆಯವರಿಗೂ ಬೇಡವಾದವರು ಎಂಬರ್ಥದಲ್ಲಿ 'ದಿ ಸನ್' ಪತ್ರಿಕೆ ಬರೆದಿತ್ತು. ಜ್ಯೂರಿ ರೋಚ್ ಪರವಾಗಿ 50,000 ಪೌಂಡ್ ಪರಿಹಾರ ಕೊಡಿಸಿತು. ಆದರೆ ಅಷ್ಟೇ ಮೊತ್ತವನ್ನು ಪತ್ರಿಕೆ ಮೊದಲೇ ಕೋರ್ಟಿನಲ್ಲಿ ಕಟ್ಟಿದ್ದರಿಂದ ಖರ್ಚಿನ ಹೊರೆ ಕೊನೆಗೆ ಗೆದ್ದವರ ಮೇಲೇ ಬಿತ್ತು.

ನಟನ ಬಗ್ಗೆ ತಕರಾರಿತ್ತು, ಪಾತ್ರದ ಬಗ್ಗೆ ಇರಲಿಲ್ಲ. ಕೆನ್ ಬಾರ್ಲೊ ಸಪ್ಪೆ ಎಂಬುದನ್ನು ಅವನ ಅಭಿಮಾನಿಗಳೂ ಒಪ್ಪುತ್ತಾರೆ. ಸ್ವೆಟರ್ ತೊಟ್ಟು ಪತ್ರಿಕೆ ಓದುತ್ತ, ಎದುರಿಗೆ ಸಿಕ್ಕವರಿಗೆ ಬುದ್ಧಿ ಹೇಳುತ್ತ ಕೂರುವ ಮಾಜಿ ಮೇಷ್ಟ್ರು ಅವನು. ಇಂಥವನನ್ನು ಇಟ್ಟುಕೊಂಡು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಥೆ ನಡೆಸಿದ್ದಾರೆ. ಅವನಿಗೆ ಮದುವೆ ಮಾಡಿಸಿದರು, ಹೆಂಡತಿಯರನ್ನು ಸಾಯಿಸಿದರು, ಪ್ರೇಮಿಗಳನ್ನು ತಂದರು, ಹಗೆಗಳನ್ನು ಹುಟ್ಟಿಸಿದರು. ಅದರಲ್ಲಿ ಕೆಲವು ಕಥೆಗಳು ಬ್ರಿಟಿಷ್ ಟೆಲಿವಿಷನ್‌ನ ಚರಿತ್ರೆಯಲ್ಲಿ ಉಳಿದವು, ಹಲವು ಬಂದಷ್ಟೇ ಬೇಗ ಹೋದವು. ಆ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ದಿನನಿತ್ಯ ಧಾರಾವಾಹಿ ಬರೆಯುವ ಯಾರಿಗೇ ಆದರೂ ಬೇಕಾದ ವಿಷಯ.

ಟೋನಿ ವಾರೆನ್ ರೂಪಿಸಿದ ಈ ಧಾರಾವಾಹಿಯ ಮೊದಲ ಕಂತು ಗ್ರನಾಡಾ ಟೆಲಿವಿಷನ್‌ನಿಂದ ಪ್ರಸಾರವಾದದ್ದು 1960ರ ಡಿಸೆಂಬರ್ 9ರಂದು. ಕಥೆ ನಡೆಯುವ ವೆದರ್‌ಫೀಲ್ಡ್ ಕಲ್ಪಿತ ಊರು. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್ ಅದಕ್ಕೆ ಮಾದರಿ. ಆ ಮೊದಲ ಕಂತಿನ ಕೆನ್ ಸಪ್ಪೆಯಲ್ಲ. ಕೂಲಿಕಾರರ ಬೀದಿಯಿಂದ ವಿಶ್ವವಿದ್ಯಾಲಯಕ್ಕೆ ಹೋದ ಹುಡುಗ. ಊಟದ ಮೇಜಿನ ಮೇಲಿನ ಸಾಸ್ ಬಾಟಲಿ ಕಂಡರೆ ಅವನ ಮುಖ ಬದಲಾಗುತ್ತದೆ, ಅಪ್ಪನಿಗೆ ಅದು ಗೊತ್ತಾಗಿಬಿಡುತ್ತದೆ. ಗೆಳತಿಯನ್ನು ಅವನು ಭೇಟಿ ಮಾಡಬೇಕೆಂದಿರುವ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲೇ ಅವನ ತಾಯಿ ದುಡಿಯುತ್ತಾಳೆ. ನಡುಮನೆಯಲ್ಲಿ ಅಪ್ಪ ಮತ್ತು ತಮ್ಮ ಸೈಕಲ್ ರಿಪೇರಿಗೆ ಕೂತಿರುವಾಗ ಗೆಳತಿ ಮನೆಗೇ ಬಂದುಬಿಡುತ್ತಾಳೆ. ಓದಿದ ಮಗ ರಜೆಗೆ ಊರಿಗೆ ಬಂದು ಸ್ವಂತ ಮನೆಯಲ್ಲಿ ಮುಜುಗರ ಪಡುವ ಈ ಸಂಕಟವನ್ನು ನಮ್ಮ ಹಾಸ್ಟೆಲ್‌ಗಳಲ್ಲಿ ಓದಿದ ಮೊದಲ ತಲೆಮಾರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಚಿಕೆ, ಆ ನಾಚಿಕೆಗೆ ಮತ್ತೆ ನಾಚಿಕೆ. ಒಂದು ಪಾತ್ರ ಹಲವು ವರ್ಷ ಬದುಕಲು ಅಷ್ಟು ಬಂಡವಾಳ ಸಾಕಿತ್ತು.

ಆದರೆ ಧಾರಾವಾಹಿಗೆ ಅದರದೇ ಒಂದು ಇಕ್ಕಟ್ಟಿದೆ. ಊರು ಬಿಟ್ಟು ಹೋಗಬೇಕೆಂದು ಹಂಬಲಿಸುವ ಪಾತ್ರ ಊರು ಬಿಟ್ಟರೆ ಧಾರಾವಾಹಿಯಿಂದಲೂ ಹೋಗಬೇಕಾಗುತ್ತದೆ. ಹಾಗಾಗಿ ಕೆನ್ ಉಳಿದ. ಮೇಷ್ಟ್ರಾದ, ಮದುವೆಯಾದ, ಅವಳಿ ಮಕ್ಕಳ ತಂದೆಯಾದ. ಹಂಬಲ ಹೋಗಿ ಉಪದೇಶ ಉಳಿಯಿತು. ಅವನು ಸಪ್ಪೆಯಾದದ್ದು ಸ್ವಭಾವದಿಂದಲ್ಲ, ಒಳಗಿನ ಜಗಳ ನಿಂತುಹೋದದ್ದರಿಂದ.

ಇಂಥ ಹೊತ್ತಿನಲ್ಲಿ ಬರಹಗಾರರಿಗೆ ಮೊದಲು ಹೊಳೆಯುವುದು ದುರಂತ. 1971ರ ಜನವರಿಯಲ್ಲಿ, ಜಮೈಕಾಗೆ ಹೊರಡುವ ಸಿದ್ಧತೆಯಲ್ಲಿದ್ದಾಗಲೇ ಕೆನ್‌ನ ಹೆಂಡತಿ ವ್ಯಾಲರಿ ಕೆಟ್ಟುಹೋದ ಹೇರ್ ಡ್ರೈಯರ್ ಪ್ಲಗ್‌ನಿಂದ ಶಾಕ್ ಹೊಡೆದು ಸಾಯುತ್ತಾಳೆ. ಎರಡನೇ ಹೆಂಡತಿ ಜಾನೆಟ್ 1977ರಲ್ಲಿ ಮಾತ್ರೆ ನುಂಗಿ ಸಾಯುತ್ತಾಳೆ. ಎರಡೂ ಕಥೆಗಳು ನೋಡುಗರನ್ನು ಅಲ್ಲಾಡಿಸಿದವು ನಿಜ. ಆದರೆ ಕೆನ್ ಅಲ್ಲಾಡಲಿಲ್ಲ. ದುಃಖ ಅವನ ಮೇಲೆ ಬಂದೆರಗಿತೇ ಹೊರತು ಅವನೊಳಗಿನಿಂದ ಹುಟ್ಟಲಿಲ್ಲ. ಪ್ಲಗ್ ಕೆಟ್ಟದ್ದಕ್ಕೂ ಅವನ ಗುಣಕ್ಕೂ ಏನು ಸಂಬಂಧ? ಪಕ್ಕದ ಮನೆಯವನಿಗೂ ಅದೇ ಆಗಬಹುದಿತ್ತು. ಹೆಣ್ಣೊಬ್ಬಳ ಸಾವನ್ನು ಗಂಡಸಿನ ಪಾತ್ರಕ್ಕೆ ಆಳ ಕೊಡುವ ಸಾಧನವಾಗಿ ಬಳಸುವ ಚಾಳಿ ಅಲ್ಲೂ ಇತ್ತು, ಇಲ್ಲೂ ಇದೆ. ಅದರಿಂದ ಆಳ ಬರುವುದಿಲ್ಲ, ಮರುಕ ಮಾತ್ರ ಬರುತ್ತದೆ. ಮರುಕ ಮೂರು ವಾರ ಬಾಳುತ್ತದೆ.

ನಿಜವಾದ ತಿರುವು ಬಂದದ್ದು ಡೀಡ್ರಿಯಿಂದ. ಆನ್ ಕರ್ಕ್‌ಬ್ರೈಡ್ ಮಾಡಿದ ಪಾತ್ರ ಅದು. 1981ರ ಜುಲೈ 27ರಂದು, ಚಾರ್ಲ್ಸ್ ಮತ್ತು ಡಯಾನಾ ಮದುವೆಗೆ ಎರಡೇ ದಿನ ಮೊದಲು, ತೆರೆಯ ಮೇಲೆ ಕೆನ್ ಅವಳನ್ನು ಮದುವೆಯಾಗುತ್ತಾನೆ. ಅವಳು ಅವನಿಗಿಂತ ಹದಿನೈದು ವರ್ಷಕ್ಕೂ ಹೆಚ್ಚು ಚಿಕ್ಕವಳು. ಮೊದಲ ಗಂಡ ಬಿಟ್ಟುಹೋದವಳು, ಕೈಯಲ್ಲಿ ಟ್ರೇಸಿ ಎಂಬ ಮಗು. ಅವಳಿಗೆ ಬೇಕಿದ್ದದ್ದು ನೆಮ್ಮದಿ, ಕೆನ್ ಬಳಿ ಧಾರಾಳವಾಗಿ ಇದ್ದದ್ದೂ ಅದೇ. ಸಂಸಾರ ಒಂದನೇ ನಂಬರಿನ ಮನೆಯಲ್ಲಿ, ಕೆನ್‌ನ ಮೊದಲ ಹೆಂಡತಿಯ ತಂದೆಯ ಸೋದರ ಮುದುಕ ಆಲ್ಬರ್ಟ್ ಜೊತೆಯಲ್ಲಿ. ಸಂಜೆಯಾದರೆ ಟೀ, ಪತ್ರಿಕೆ, ಆಲ್ಬರ್ಟ್‌ನ ಗೊಣಗಾಟ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಆ ನೆಮ್ಮದಿಯೇ ಅವಳ ಉಸಿರು ಕಟ್ಟಿಸತೊಡಗುತ್ತದೆ.

ಆಗ ಬರುತ್ತಾನೆ ಮೈಕ್ ಬಾಲ್ಡ್‌ವಿನ್. ಬೇರೆಲ್ಲಿಂದಲೋ ಹೊಸದಾಗಿ ಇಳಿದವನಲ್ಲ. ಜಾನಿ ಬ್ರಿಗ್ಸ್ ಮಾಡುತ್ತಿದ್ದ ಆ ಪಾತ್ರ 1976ರಿಂದಲೇ ಅದೇ ಬೀದಿಯಲ್ಲಿತ್ತು. ಲಂಡನ್ನಿನಿಂದ ಬಂದ ಡೆನಿಮ್ ಬಟ್ಟೆ ಕಾರ್ಖಾನೆಯ ಮಾಲೀಕ. ಒಳ್ಳೆಯ ಸೂಟು, ಜಾಗ್ವಾರ್ ಕಾರು, ಎಲ್ಲಕ್ಕೂ ಬೆಲೆ ಕಟ್ಟುವ ಬಾಯಿ. ಅವನೂ ಕೂಲಿಕಾರರ ಮನೆಯ ಮಗನೇ. ಕೆನ್ ಓದಿ ಮೇಲೆ ಬರಲು ನೋಡಿದ, ಅವನು ದುಡ್ಡು ಮಾಡಿ ಬಂದ. ಕೆನ್‌ಗೆ ಅವನು ಕಾರ್ಮಿಕರ ರಕ್ತ ಹೀರುವ ಒರಟ. ಅವನಿಗೆ ಕೆನ್ ಪುಸ್ತಕದ ಹುಳು, ಕೈಲಾಗದವನು. ಹೆಂಗಸಿನ ವಿಷಯ ಬರುವ ಮೊದಲೇ ಅಲ್ಲಿ ಜಗಳಕ್ಕೆ ಬೇಕಾದದ್ದೆಲ್ಲ ಇತ್ತು. ಡೀಡ್ರಿ ಮೈಕ್‌ನತ್ತ ವಾಲಿದಾಗ ಕೆನ್ ಹೆಂಡತಿಯನ್ನಷ್ಟೇ ಕಳೆದುಕೊಳ್ಳುವುದಿಲ್ಲ. ತಾನು ಬದುಕಿದ ರೀತಿಯೇ ತಪ್ಪು ಎಂಬ ತೀರ್ಪು ಅವನ ಮನೆಯೊಳಗಿಂದಲೇ ಬರುತ್ತದೆ.

ಬರಹಗಾರರು ಇಲ್ಲಿ ತೋರಿದ ಜಾಣ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ. ಕೆನ್‌ನನ್ನು ಅವರು ಬದಲಾಯಿಸಲಿಲ್ಲ. ಅವನಿಗೆ ಹೊಸ ಕ್ರಾಪು, ಹೊಸ ಕಾರು, ಮುಚ್ಚಿಟ್ಟ ಪೂರ್ವಚರಿತ್ರೆ ಏನನ್ನೂ ಕೊಡಲಿಲ್ಲ. ಅವನ ಸಪ್ಪೆತನವನ್ನೇ ಕಥೆಯ ವಸ್ತು ಮಾಡಿದರು. ನೋಡುಗರು ಮನೆಯಲ್ಲಿ ಕೂತು ಗೊಣಗುತ್ತಿದ್ದ ಮಾತನ್ನೇ ಡೀಡ್ರಿ ತೆರೆಯ ಮೇಲೆ ಆಡಿದಳು. ಅಲ್ಲಿಂದ ಅವನ ಪ್ರತಿಯೊಂದು ನೀರಸ ಅಭ್ಯಾಸಕ್ಕೂ ಒಂದು ಬೆಲೆ ಬಂತು. ಅವನು ಪತ್ರಿಕೆ ಬಿಡಿಸಿದರೆ ಅದು ಸುಮ್ಮನೆ ಪತ್ರಿಕೆ ಬಿಡಿಸುವುದಾಗಿ ಉಳಿಯಲಿಲ್ಲ.

1983ರ ಆ ಬಾಗಿಲಿನ ದೃಶ್ಯ ನೋಡಬೇಕು. ಜಾಗ ಇಕ್ಕಟ್ಟು. ಮೈಕ್ ಬಾಗಿಲಿಗೆ ಬಂದು ನಿಂತಿದ್ದಾನೆ. ಕೆನ್ ಅವನ ಮುಖಕ್ಕೆ ಬಾಗಿಲು ಬಡಿಯುತ್ತಾನೆ. ಮರುಕ್ಷಣ ಡೀಡ್ರಿಯತ್ತ ತಿರುಗಿ ಅವಳ ಮೇಲೆ ಕೈ ಹಾಕಿ ಅದೇ ಬಾಗಿಲಿಗೆ ಒತ್ತುತ್ತಾನೆ, ಅವಳು ಬಿಕ್ಕಿ ಅಳುತ್ತಾಳೆ. ಇಪ್ಪತ್ತು ವರ್ಷ ದನಿ ಏರಿಸದೆ ನ್ಯಾಯ ಹೇಳಿದ ಮನುಷ್ಯನ ಕೈ ಅದು ಎಂಬುದರಿಂದಲೇ ಎದೆ ಝಲ್ಲೆನ್ನುತ್ತದೆ. ಮೈಕ್ ಅದನ್ನು ಮಾಡಿದ್ದರೆ ಅಷ್ಟು ತಟ್ಟುತ್ತಿರಲಿಲ್ಲ. ಆದರೆ ಅಂದು ಹಲವರು ಮಾಡಿದಂತೆ ಅದನ್ನು 'ಕೊನೆಗೂ ಕೆನ್ ಗಂಡಸಾದ' ಎಂದು ಓದುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಎದುರಾಳಿ ಹೊರಗೆ ನಿಂತಿರುವಾಗ ಏಟು ತಗುಲಿದ್ದು ಒಳಗಿದ್ದ ಹೆಂಗಸಿಗೆ. ಅವನ ಸಭ್ಯತೆಯ ಬುಡದಲ್ಲಿ ಏನಿತ್ತೆಂದು ಆ ಕ್ಷಣ ತೋರಿಸುತ್ತದೆ, ಮತ್ತು ತೋರಿಸುವುದು ಹೆಮ್ಮೆಪಡುವಂಥದ್ದನ್ನಲ್ಲ.

ಡೀಡ್ರಿ ಕೊನೆಗೆ ಗಂಡನ ಬಳಿಯೇ ಉಳಿದಳು. ಆ ರಾತ್ರಿ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಆರ್ಸೆನಲ್ ನಡುವೆ ಫುಟ್‌ಬಾಲ್ ಪಂದ್ಯ. ಕೆನ್ ಮತ್ತು ಡೀಡ್ರಿ ಒಂದಾದ ಸುದ್ದಿಯನ್ನು ಅಲ್ಲಿನ ಸ್ಕೋರ್‌ಬೋರ್ಡ್ ಮೇಲೆ ಹಾಕಿದರು. ಆ ಜನ ಕಾದಿದ್ದದ್ದು ಸಪ್ಪೆ ಗಂಡನೊಬ್ಬ ಗೆಲ್ಲುತ್ತಾನೋ ಇಲ್ಲವೋ ಎಂದು ತಿಳಿಯಲು.

ನಮ್ಮ ದಿನನಿತ್ಯದ ಕನ್ನಡ ಧಾರಾವಾಹಿಗಳಲ್ಲಿ ಇದೇ ರೋಗಕ್ಕೆ ಬೇರೆ ಮದ್ದು. ನಾಯಕ ಒಳ್ಳೆಯವನು, ಒಳ್ಳೆಯವನಾಗಿರುವುದೇ ಅವನ ಕೆಲಸ. ಟಿಆರ್‌ಪಿ ಇಳಿದ ಕೂಡಲೇ ಹೊಸ ಟ್ರ್ಯಾಕ್: ಹಳೆಯ ಪ್ರೇಯಸಿಯ ಎಂಟ್ರಿ, ಹಾಲಿಗೆ ಬೆರೆಸಿದ ವಿಷ, ಆಸ್ತಿ ಪತ್ರಕ್ಕೆ ಮೋಸದ ಸಹಿ. ಖಳನಾಯಕಿಯ ಸೀರೆ, ಬಿಂದಿ, ಹುಬ್ಬು ಎಲ್ಲಕ್ಕೂ ಯೋಚನೆ ಖರ್ಚಾಗುತ್ತದೆ. ಅವಳು ನಾಯಕನಲ್ಲಿರುವ ಯಾವ ಕೊರತೆಯನ್ನು ಎತ್ತಿ ಆಡುತ್ತಾಳೆ ಎಂಬುದಕ್ಕೆ ಮಾತ್ರ ಇಲ್ಲ. ಅವಳಿಗೆ ಬೇಕಿರುವುದು ಆಸ್ತಿ. ಆ ಆಸ್ತಿ ಯಾರದಾಗಿದ್ದರೂ ಅವಳು ಹೀಗೇ ಮಾಡುತ್ತಿದ್ದಳು. ಹಾಗಾಗಿ ಜನ ಖಳನಾಯಕಿಯನ್ನು ನೆನಪಿಡುತ್ತಾರೆ, ನಾಯಕನನ್ನು ಮರೆಯುತ್ತಾರೆ. ಹುಳಿ ಹಿಂಡಿದರೆ ಸಾರಿಗೆ ರುಚಿ ಬರಬೇಕಿದ್ದರೆ ಬೇಳೆ ಬೆಂದಿರಬೇಕು.

ಗೆದ್ದ ಸೂತ್ರವನ್ನು ಹಿಂಡಿ ಹಿಪ್ಪೆ ಮಾಡುವುದರಲ್ಲಿ ಇಂಗ್ಲಿಷರೂ ಹಿಂದೆ ಬಿದ್ದಿಲ್ಲ. 1986ರಲ್ಲಿ ಕೆನ್‌ನ ಮಗಳು ಸೂಸನ್‌ಳನ್ನು ಮೈಕ್‌ಗೇ ಮದುವೆ ಮಾಡಿಸಿದರು. ಕೆನ್ ಮೈಕ್‌ನ ಮುಖಕ್ಕೆ ಗುದ್ದಿದ. ಜನ ಕೇಕೆ ಹಾಕಿದರು. ಆದರೆ ಡೀಡ್ರಿಗೆ ಇದ್ದ ಆಯ್ಕೆಯ ಸಂಕಟ ಸೂಸನ್‌ಗೆ ಇರಲಿಲ್ಲ. ಇಬ್ಬರು ಗಂಡಸರ ಜಿದ್ದಿಗೆ ಸಿಕ್ಕಿದ ಮಗಳು ಅಷ್ಟೇ, ಅವಳದೇ ಮನಸ್ಸೆಂದು ಒಂದಿತ್ತೇ ಎಂದು ಕೇಳುವ ವ್ಯವಧಾನ ಕಥೆಗಿರಲಿಲ್ಲ. ಹಗೆತನ ಬೆಳೆಯಿತು, ಪಾತ್ರ ಬೆಳೆಯಲಿಲ್ಲ.

ಇದಕ್ಕಿಂತ ಎಷ್ಟೋ ಮೇಲು 1989ರ ವೆಂಡಿ ಕ್ರೋಜಿಯರ್ ಪ್ರಸಂಗ. ಆಗ ಕೆನ್ 'ವೆದರ್‌ಫೀಲ್ಡ್ ರೆಕಾರ್ಡರ್' ಎಂಬ ಊರ ಪತ್ರಿಕೆ ನಡೆಸುತ್ತಿದ್ದ, ವೆಂಡಿ ನಗರಸಭೆಯ ಕಚೇರಿಯಲ್ಲಿದ್ದಳು. ಅಲ್ಲಿನ ಒಳಸುದ್ದಿಗಳನ್ನು ಅವನಿಗೆ ತಲುಪಿಸುತ್ತಾಳೆ. ಡೀಡ್ರಿ ಅದೇ ನಗರಸಭೆಯ ಸದಸ್ಯೆ! ಕೆನ್ ದಾರಿ ತಪ್ಪುವುದು ತನ್ನ ದುರ್ಗುಣದಿಂದಲ್ಲ, ತಾನು ಹೆಮ್ಮೆಪಡುತ್ತಿದ್ದ ಸದ್ಗುಣದಿಂದ. ಸತ್ಯ ಬಯಲಿಗೆಳೆಯುತ್ತೇನೆ ಎಂಬ ಪತ್ರಕರ್ತನ ಹುರುಪು ಅವನನ್ನು ಇನ್ನೊಬ್ಬಳ ಮನೆಯವರೆಗೆ ಕರೆದೊಯ್ಯುತ್ತದೆ. ಹೆಂಡತಿಗೆ ಸುಳ್ಳು ಹೇಳುವಾಗಲೂ ಅವನ ಮುಖದಲ್ಲಿ ತತ್ವವಾದಿಯ ಗತ್ತು ಇಳಿಯುವುದಿಲ್ಲ. ರೋಚ್ ಇದನ್ನು ಬಹಳ ಚೆನ್ನಾಗಿ ಹಿಡಿದಿದ್ದಾರೆ. ಡೀಡ್ರಿ ಅವನನ್ನು ಮನೆಯಿಂದ ಹೊರಹಾಕಿದಾಗ ನೋಡುಗರಿಗೆ ಅವನ ಮೇಲೆ ಸಿಟ್ಟು ಬಂತು. ಸಪ್ಪೆ ಮನುಷ್ಯನ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ.

ಮುಂದಿನ ವರ್ಷಗಳ ಪ್ರೇಮಗಳನ್ನು ಬೇಗ ದಾಟಬಹುದು. ಹೇರ್ ಡ್ರೆಸ್ಸರ್ ಡೆನಿಸ್‌ಳಿಂದ 1995ರಲ್ಲಿ ಡೇನಿಯಲ್ ಎಂಬ ಮಗ ಹುಟ್ಟಿದ. 2005ರಲ್ಲಿ ಡೀಡ್ರಿಯ ಜೊತೆ ಮರುಮದುವೆ. 2006ರಲ್ಲಿ ನೆನಪು ಕಳೆದುಕೊಂಡ ಮೈಕ್ ಬೀದಿಯಲ್ಲಿ ಕೆನ್‌ನ ತೋಳುಗಳಲ್ಲೇ ಸಾಯುತ್ತಾನೆ. ಬುದ್ಧಿ ಮಸುಕಾದ ಆ ಗಳಿಗೆಯಲ್ಲೂ ಡೀಡ್ರಿ ತನ್ನವಳೆಂದೇ ಅವನ ವಾದ. ಎದುರಾಳಿಯನ್ನು ಕಳೆದುಕೊಳ್ಳುವುದು ಗೆಳೆಯನನ್ನು ಕಳೆದುಕೊಳ್ಳುವಷ್ಟೇ ದೊಡ್ಡದು ಎಂಬುದನ್ನು ಭಾಷಣವಿಲ್ಲದೆ ತೋರಿಸಿದ ಕಂತು ಅದು.

2009ರ ಮಾರ್ತಾ ಫ್ರೇಸರ್ ಕಥೆಗೆ ಸಿಗಬೇಕಾದ ಮಾನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಸ್ಟೆಫನಿ ಬೀಚಮ್ ಮಾಡಿದ ಈ ರಂಗನಟಿ ಕಾಲುವೆಯಲ್ಲಿ ನಿಂತ ದೋಣಿಯಲ್ಲೇ ವಾಸಿಸುವವಳು. ಪುಸ್ತಕ, ನಾಟಕ, ಮಾತು. ಕೆನ್ ಯೌವನದಲ್ಲಿ ಬಯಸಿದ್ದ ಬದುಕು ಎಪ್ಪತ್ತರ ಹತ್ತಿರದಲ್ಲಿ ಅವನೆದುರು ಬಂದು ನಿಲ್ಲುತ್ತದೆ. ಇಲ್ಲಿ ಡೀಡ್ರಿಗೆ ಎದುರಾಳಿ ಮಾರ್ತಾ ಅಲ್ಲ, ಕೆನ್ ಬದುಕದೆ ಬಿಟ್ಟ ಆ ಇನ್ನೊಂದು ಬಾಳು. ಅವನು ಅವಳೊಂದಿಗೆ ಹೊರಟು, ದೋಣಿಯಿಂದ ಇಳಿದು ಮನೆಗೆ ಮರಳುತ್ತಾನೆ. ಪ್ರೀತಿಯಿಂದಲೋ ಹೆದರಿಕೆಯಿಂದಲೋ ಎಂದು ಕಥೆ ಒತ್ತಿ ಹೇಳುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆ.

2015ರಲ್ಲಿ ಕರ್ಕ್‌ಬ್ರೈಡ್ ತೀರಿಕೊಂಡ ಮೇಲೆ ಡೀಡ್ರಿಯ ಪಾತ್ರವೂ ಮುಗಿಯಿತು. 2022ರಲ್ಲಿ ವೆಂಡಿ ಮತ್ತು ಮಾರ್ತಾ ಇಬ್ಬರನ್ನೂ ಮರಳಿ ಕರೆಸಿ ಕೆನ್‌ಗಾಗಿ ಪೈಪೋಟಿಗೆ ಬಿಟ್ಟರು. ರೋಚ್‌ಗೆ ಆಗ ತೊಂಬತ್ತು ವರ್ಷ. ಆ ವಯಸ್ಸಿನ ನಟನಿಗೆ ಪ್ರೇಮಕಥೆ ಬರೆಯುವ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಅಲ್ಲಿ ಕೆನ್ ಬಹುಮಾನವಾಗಿದ್ದ, ಯಾರು ಗೆದ್ದರೂ ಅವನು ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ.

ಮೈಕ್ ನಂತರ ಅವನಿಗೆ ತಕ್ಕ ಎದುರಾಳಿ ಒಬ್ಬನೇ ಸಿಕ್ಕಿದ್ದು: ಮಗ ಡೇನಿಯಲ್. ಪುಸ್ತಕದ ಹುಚ್ಚಿನ, ಆಕ್ಸ್‌ಫರ್ಡ್‌ಗೆ ಹೋಗಬೇಕಿದ್ದ ಹುಡುಗ. ಮಗನ ಓದು ಕೆಡಬಾರದೆಂದು ಅವನ ಗೆಳತಿ ಸಿನೇಡ್ ಗರ್ಭ ತೆಗೆಸುವುದಕ್ಕೆ ಕೆನ್ ಹಿಂದಿನಿಂದ ಒತ್ತಾಸೆಯಾಗುತ್ತಾನೆ. ಅದು ತಿಳಿದ ಡೇನಿಯಲ್ 2017ರಲ್ಲಿ ಅಪ್ಪನನ್ನು ಮೆಟ್ಟಿಲ ಮೇಲಿಂದ ತಳ್ಳುತ್ತಾನೆ. ಊರು ಬಿಡಲಾಗದ ತಂದೆ ತನ್ನ ಹಂಬಲವನ್ನು ಮಗನ ಬಾಳಿನಲ್ಲಿ ಬಲವಂತವಾಗಿ ನೆಡಲು ಹೋಗಿ ತಿಂದ ಪೆಟ್ಟು ಅದು. ಬರಹಗಾರರು ಮಾತ್ರ ತಳ್ಳಿದವರು ಯಾರು ಎಂಬ ಪತ್ತೇದಾರಿಗೆ ಮನೆಮಂದಿಯನ್ನೆಲ್ಲ ಸಂಶಯದಲ್ಲಿ ನಿಲ್ಲಿಸಿ ವಾರಗಟ್ಟಲೆ ಕಳೆದರು. ಏಕೆ ತಳ್ಳಿದ ಎಂಬುದನ್ನು ಅಪ್ಪ ಮಗ ಎದುರುಬದುರು ಕೂತು ಆಡಲು ಅಷ್ಟೇ ವಾರಗಳನ್ನು ಕೊಟ್ಟಿದ್ದರೆ, 1983ರ ಪಕ್ಕದಲ್ಲಿ ಇಡಬಹುದಾದ ಇನ್ನೊಂದು ವರ್ಷ ಕೆನ್ ಬಾರ್ಲೊಗೆ ಸಿಗುತ್ತಿತ್ತು.