ಶೇಕಡಾ ಎಂಟೂಕಾಲು

ಓದಿಗೆ ತಕ್ಕ ಕೆಲಸದಲ್ಲಿರುವ ಪದವೀಧರರು ಶೇ 8.25 ಮಾತ್ರ. 2024–25ರ ಕೇಂದ್ರ ಆರ್ಥಿಕ ಸಮೀಕ್ಷೆ ಈ ಅಂಕಿ ಕೊಟ್ಟದ್ದೇ ತಡ, ಸಂಪಾದಕೀಯದಿಂದ ಘಟಿಕೋತ್ಸವ ಭಾಷಣದವರೆಗೆ ಎಲ್ಲರ ಬಾಯಲ್ಲೂ ಅದೇ. ಕೋಷ್ಟಕ ಬಿಡಿಸಿ ನೋಡಿದವರು ಕಡಿಮೆ.

2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣದಲ್ಲಿ ಕೌಶಲಕ್ಕೆ ನಾಲ್ಕು ಮಟ್ಟ. ಪದವಿಗೆ ಮೂರನೆಯದು, ಸ್ನಾತಕೋತ್ತರಕ್ಕೆ ನಾಲ್ಕನೆಯದು. ಮೂರನೆಯ ಮಟ್ಟದಲ್ಲಿರುವುದು ತಂತ್ರಜ್ಞರು, ಸಹಾಯಕ ವೃತ್ತಿಪರರ ಒಂದೇ ವಿಭಾಗ. ಆ 8.25 ಅಲ್ಲಿಯದು. ಎರಡನೆಯದರಲ್ಲಿ ಶೇ 50.3, ಒಂದನೆಯದರಲ್ಲಿ ಶೇ 3.22 ಪದವೀಧರರು. ಉಳಿದ 38.23? ಅವರು ನಾಲ್ಕನೆಯದರಲ್ಲಿದ್ದಾರೆ, ಅಂದರೆ ಮೇಲೆ! ಬಿಇ ಮುಗಿಸಿ ದೋಣಿಮಲೈ ಗಣಿಯಲ್ಲಿ ಎಂಜಿನಿಯರಾದವನೂ ಈ ಲೆಕ್ಕಕ್ಕೆ ಓದಿಗೆ ತಕ್ಕ ಕೆಲಸ ಸಿಗದವನೇ. ಅವನ ಅಪ್ಪನ ಮುಂದೆ ಈ ಮಾತು ಆಡಿ ನೋಡಿ.

ಅರ್ಧಕ್ಕಿಂತ ಹೆಚ್ಚು ಪದವೀಧರರು ಕೆಳಗಿನ ಕೆಲಸದಲ್ಲಿದ್ದಾರೆ ಎಂಬುದು ಗಂಭೀರವೇ, ಒಪ್ಪಿದೆ. ಆದರೆ ಅಲ್ಲಿಯೂ ಅಳತೆಗೋಲು ಮೊಂಡು. ಬಿಎ ಓದಿ ಅದಿರಿನ ಟಿಪ್ಪರ್ ಓಡಿಸುವ ಸಂಡೂರಿನ ಹುಡುಗ ಎರಡನೆಯ ಮಟ್ಟ. ಸುಶೀಲಾನಗರ ತಾಂಡಾದಲ್ಲಿ ಕೂತು ಬಟ್ಟೆಗೆ ಕನ್ನಡಿ ಚೂರು ಕೂರಿಸಿ, ಸುತ್ತ ನೂಲಿನಲ್ಲಿ ಬಿಗಿದು, ಗೆರೆ ಹಾಕದೆಯೇ ಹೊಲಿಗೆ ಎಣಿಸುತ್ತ ಹೋಗುವ ಲಂಬಾಣಿ ಅವ್ವನೂ ಎರಡನೆಯ ಮಟ್ಟವೇ. ಅವನಿಗೆ ಓದು ಹೆಚ್ಚಾಯಿತು. ಶಾಲೆಯ ಮೆಟ್ಟಿಲು ಹತ್ತದ ಅವಳಿಗೆ ಕಮ್ಮಿ ಬಿತ್ತು. ಭೌಗೋಳಿಕ ಸೂಚಿ ಪಡೆದ ಕಸೂತಿಯ ಕೈಗೆ ಯಾವ ಓದು ಕಮ್ಮಿಯೋ, ಕೋಷ್ಟಕಕ್ಕೇ ಗೊತ್ತು.

ಈ ಅಳತೆಗೋಲಿಗೆ ಬದಲಾಗಿ ಸರಾಸರಿ ವಿಧಾನ ಹಿಡಿಯಿರಿ ಎನ್ನುವ ಪಂಡಿತರಿದ್ದಾರೆ. ಒಂದು ಕೆಲಸದಲ್ಲಿರುವವರ ಸರಾಸರಿ ಓದು ಎಷ್ಟೋ ಅದೇ ತಕ್ಕ ಓದು. ಅದರಿಂದ ಬಹಳ ಸರಿದವರಷ್ಟೇ ಹೊಂದದವರು. ಚೆನ್ನಾಗಿದೆ! ನಾಳೆ ಟಿಪ್ಪರಿನವರೆಲ್ಲ ಬಿಎ ಆದರೆ ಟಿಪ್ಪರ್ ಓಡಿಸುವುದೇ ಬಿಎ ಕೆಲಸ, ಸಮಸ್ಯೆ ಬಗೆಹರಿಯಿತು. ಮೊಂಡುಗೋಲು ಬಿಡಿಸಿ ರಬ್ಬರ್ ಗೋಲು ಕೊಡುವವರ ಜತೆ ನನಗೆ ಇನ್ನೂ ದೊಡ್ಡ ಜಗಳವಿದೆ.

ಎರಡೂ ಪಕ್ಷದವರು ಮುಟ್ಟದ ಮಾತು ಇನ್ನೊಂದು. ಈ ಕೋಷ್ಟಕ ಕೆಲಸದಲ್ಲಿ ಇರುವವರನ್ನಷ್ಟೇ ಎಣಿಸುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಂತು, ಲಾರಿಗಳು ಸಾಲುಗಟ್ಟಿ ನಿಂತವು. ಸ್ಟೀರಿಂಗ್ ಬಿಟ್ಟು ಮನೆಗೆ ಹೋದ ಪದವೀಧರ ಈ ಲೆಕ್ಕದಿಂದಲೇ ಹೊರಗೆ. ಅವತ್ತು ಸಂಡೂರಿನಲ್ಲಿ ಅಳೆದಿದ್ದರೆ, ಓದಿಗೂ ಕೆಲಸಕ್ಕೂ ಹೊಂದಿಕೆ ಮೊದಲಿಗಿಂತ ಸುಧಾರಿಸಿದೆ ಎಂದೇ ಅಂಕಿ ಹೇಳುತ್ತಿತ್ತು.