ಕಿತ್ತ ಫ್ರೆಟ್‌ಗಳ ಗೆರೆ

ಹಳೆಯ ಗಿಟಾರ್ ಕೊಳ್ಳುವವರು ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದ ವಾದ್ಯಕ್ಕೆ ಹೆಚ್ಚು ಬೆಲೆ ಕಟ್ಟುತ್ತಾರೆ. ಬಣ್ಣ ಬದಲಾಗಿದ್ದರೂ ಬೆಲೆ ಕುಸಿಯುತ್ತದೆ. ಬಾಸ್ ಗಿಟಾರ್ ವಾದಕ ಜಾಕೊ ಪಾಸ್ಟೋರಿಯಸ್ ನುಡಿಸಿದ 1962ರ ಫೆಂಡರ್ ಜಾಝ್ ಬಾಸ್ ಮುಂದೆ ಈ ಅಳತೆಗೋಲು ಸೋಲುತ್ತದೆ. ‘ಬಾಸ್ ಆಫ್ ಡೂಮ್’ ಎಂದು ಹೆಸರಾದ ಆ ವಾದ್ಯದ ದನಿ ಹುಟ್ಟಿದ್ದೇ ಅದರಿಂದ ಕಿತ್ತದ್ದರಿಂದ ಮತ್ತು ಅದಕ್ಕೆ ಬಳಿದದ್ದರಿಂದ.

ಕಿತ್ತದ್ದು ಫ್ರೆಟ್‌ಗಳನ್ನು, ಅಂದರೆ ಸ್ವರದ ಜಾಗ ಗುರುತಿಸಲು ವಾದ್ಯದ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿಗಳನ್ನು. 1951ರಲ್ಲಿ ಫೆಂಡರ್ ತನ್ನ ಮೊದಲ ಎಲೆಕ್ಟ್ರಿಕ್ ಬಾಸನ್ನು ‘ಪ್ರಿಸಿಷನ್’ ಎಂದು ಕರೆದದ್ದು ಫ್ರೆಟ್‌ಗಳು ಕೊಡುವ ಸ್ವರಶುದ್ಧಿಯ ಹೆಮ್ಮೆಯಿಂದ. ಜಾಕೊ ಆ ಆಸರೆಯಿಲ್ಲದೆ ನುಡಿಸಿದರು. ತಾನೇ ಚಾಕುವಿನಿಂದ ಕಿತ್ತೆ ಎಂದು ಒಮ್ಮೆ ಹೇಳಿದರು, ಕೊಳ್ಳುವಾಗಲೇ ಫ್ರೆಟ್ ಇರಲಿಲ್ಲವೆಂದು ಇನ್ನೊಮ್ಮೆ. ಚಾಕುವಿನ ಕಥೆ ಹೆಚ್ಚು ರೋಚಕವೆಂಬ ಕಾರಣಕ್ಕೇ ಅದನ್ನು ನಂಬಲು ನನಗೆ ಮನಸ್ಸಿಲ್ಲ. ಅವರೇ ಮೊದಲಿಗರೂ ಅಲ್ಲ: ಬಾಸ್ ವಾದಕ ಬಿಲ್ ವೈಮನ್ 1961ರಲ್ಲೇ ತಮ್ಮ ಬಾಸಿನ ಫ್ರೆಟ್ ತೆಗೆದಿದ್ದರು, 1966ರಲ್ಲಿ ಆಂಪೆಗ್ ಕಂಪನಿ ಫ್ರೆಟ್ ಇಲ್ಲದ ಬಾಸನ್ನೇ ಮಾರಾಟಕ್ಕೆ ತಂದಿತ್ತು.

ಜಾಕೊ ಅವರ ಪ್ರತಿಭೆಗೆ ಗಟ್ಟಿ ಸಾಕ್ಷಿ ಬಳಿದ ಪದರ. ಅವರು ಹಾಕುತ್ತಿದ್ದ ರೋಟೋಸೌಂಡ್ ತಂತಿಗಳ ಮೈ ಒರಟು. ಫ್ರೆಟ್ ಇಲ್ಲದ ಮರವನ್ನು ಅವು ಅರದಂತೆ ಉಜ್ಜಿ ಸವೆಸುತ್ತವೆ. ಫ್ಲಾರಿಡಾದ ಕಡಲತೀರದಲ್ಲಿ ಬೆಳೆದ ಅವರು ದೋಣಿಗೆ ಬಳಿಯುವ ಎಪಾಕ್ಸಿಯನ್ನು ಮರದ ಮೇಲೆ ಪದರ ಪದರವಾಗಿ ಬಳಿದರು. ಮರ ಉಳಿಯಿತು, ಜೊತೆಗೆ ಗಾಜಿನಂಥ ಆ ಗಡಸು ಮೈಮೇಲೆ ತಂತಿಯ ಕಂಪನ ಬೇಗ ಸಾಯದೆ ಹಾಡತೊಡಗಿತು. ತಂತಿಗಳನ್ನು ಹೊತ್ತ ಬ್ರಿಡ್ಜ್ ಹತ್ತಿರದ, ಕಂಪನವನ್ನು ಹಿಡಿಯುವ ಪಿಕಪ್ಪಿನಿಂದ ಬರುವ ಮೊನಚು ದನಿಯೂ ಅದಕ್ಕೆ ಕೂಡಿತು. 1976ರ ಮೊದಲ ಆಲ್ಬಮ್ಮಿನ ‘ಕಂಟಿನ್ಯುಯಂ’ ಕೇಳಿ. ಗೋಟುವಾದ್ಯದ ಜಾರು ಕೇಳಿದ ಕಿವಿಗೆ ಆ ಸ್ವರಗಳ ನಡೆ ದೂರದ್ದೆನಿಸುವುದಿಲ್ಲ. ಫ್ರೆಟ್ ಕಿತ್ತ ಸೀಳುಗಳನ್ನು ತುಂಬಿದ ಗೆರೆಗಳು ಮಾತ್ರ ಕಣ್ಣಿಗೆ ದಾರಿ ತೋರುತ್ತವೆ. ಬೆರಳು ಗೆರೆಯ ಹಿಂದೆ ನಿಂತರೆ ಶ್ರುತಿ ತಪ್ಪುತ್ತದೆ, ಸರಿಯಾಗಿ ಅದರ ಮೇಲೆಯೇ ಕೂರಬೇಕು.

ಇಂದು ಫೆಂಡರಿನ ಕಸ್ಟಮ್ ಶಾಪ್ ಈ ಬಾಸಿನ ಪ್ರತಿಕೃತಿಯನ್ನು ಸವೆತ, ಗೀರುಗಳ ಸಮೇತ ತಯಾರಿಸುತ್ತದೆ. ಕೆಲಸದಲ್ಲಿ ಕುಶಲತೆಯಿದೆ, ಒಪ್ಪುತ್ತೇನೆ. ಆದರೆ ಎಪಾಕ್ಸಿ ಬಳಿದದ್ದು ಒಂದು ತೊಂದರೆಗೆ ಉತ್ತರವಾಗಿ. ಯಾರ ಕೈಯೂ ಸವೆಸದ ಸವೆತ ಯಾವ ಪ್ರಶ್ನೆಗೂ ಉತ್ತರವಲ್ಲ.

ಮೂಲ ಬಾಸ್ ಪಟ್ಟ ಪಾಡು ಬೇರೆಯದು. 1980ರ ದಶಕದ ನಡುವೆ ಅದು ಒಡೆದು ಚೂರುಚೂರಾಯಿತು. ವಾದ್ಯ ದುರಸ್ತಿ ಮಾಡುವ ಕೆವಿನ್ ಕಾಫ್‌ಮನ್ ಮತ್ತು ಜಿಮ್ ಹ್ಯಾಮಿಲ್ಟನ್ ಆ ಚೂರುಗಳನ್ನು ಕೂಡಿಸಿ ಅಂಟಿಸಿದರು. 1986ರಲ್ಲಿ ನ್ಯೂಯಾರ್ಕಿನ ಪಾರ್ಕಿನ ಬೆಂಚೊಂದರಿಂದ ಅದು ಕಳುವಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಜಾಕೊ ತೀರಿಕೊಂಡರು. ಸುಮಾರು ಎರಡು ದಶಕಗಳ ಬಳಿಕ ನ್ಯೂಯಾರ್ಕಿನಲ್ಲೇ ಬಾಸ್ ಮತ್ತೆ ಕಾಣಿಸಿಕೊಂಡಿತು. 2010ರಲ್ಲಿ ಮೆಟಾಲಿಕಾ ಬ್ಯಾಂಡಿನ ಬಾಸ್ ವಾದಕ ರಾಬರ್ಟ್ ಟ್ರುಹಿಯೊ ಹಣ ಕೊಟ್ಟು, ಅದನ್ನು ಇಟ್ಟುಕೊಂಡಿದ್ದವರಿಂದ ಬಿಡಿಸಿಕೊಳ್ಳಲು ಜಾಕೊ ಅವರ ಕುಟುಂಬಕ್ಕೆ ನೆರವಾದರು. ಸಿಕ್ಕದ್ದು ಅದೇ ಬಾಸ್ ಎಂದು ಗುರುತಿಸಲು ಆಧಾರವಾದದ್ದು ಕಾಫ್‌ಮನ್ ಮತ್ತು ಹ್ಯಾಮಿಲ್ಟನ್ ಬೆಸೆದಿದ್ದ ಬಿರುಕುಗಳು.